ಚಪ್ಪಲಿ ದಾಟದ ನಾಯಿ

ಅಥವಾ ಅದು ದೇವಸ್ಥಾನದ ಮುಂದೆ ನಡೆದದ್ದೇ ಅಲ್ಲವೇನೋ. ಹಳೇಬೀಡಿನಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಆ ನಾಯಿ ಕಾಲು ಮುರಿದುಕೊಂಡು ಮಲಗಿತ್ತು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ, ಈಗ ಆ ಚಿತ್ರದಲ್ಲಿ ನನ್ನ ಚಪ್ಪಲಿಯ ಮೇಲೆ ಅದರ ಮೂತಿಯೂ, ಕೆರೆಯಿಂದ ಬೀಸುವ ತಣ್ಣನೆಯ ಗಾಳಿಯೂ ಸೇರಿಕೊಂಡಿವೆ. ನನ್ನ ಹೆಂಡತಿ ವೀಣಾ ಮಾತ್ರ, "ರೀ, ನಾವು ಅದನ್ನ ನೋಡಿದ್ದು ಕೆರೆ ಏರಿ ಹತ್ರ. ನೀವು ಆವಾಗ ಕಾರಲ್ಲಿ ಗೊರಕೆ ಹೊಡೀತಿದ್ರಿ" ಎನ್ನುತ್ತಾಳೆ. ಗೊರಕೆ ಹೊಡೆದವನಿಗೆ ತನ್ನ ಗೊರಕೆ ನೆನಪಿರುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ನನಗೆ ವಾದ ಮಾಡುವ ಹಕ್ಕಿಲ್ಲ.

ಇಬ್ಬರೂ ಒಪ್ಪುವ ಸಂಗತಿಯೆಂದರೆ, ನಾಯಿಗಳನ್ನು ಕಾಪಾಡುವ ಬಿಕ್ಕೋಡಿನ ಶೈಲಾ ಮೇಡಂ ಅದಕ್ಕೆ ಬೇಲೂರಿನಲ್ಲಿ ಚಿಕಿತ್ಸೆ ಕೊಡಿಸಿ, ಕಾಲು ಕೂಡಿದ ಮೇಲೆ, ನಾವು ಕೇಳಿಕೊಂಡಂತೆ, ಜೀಪಿನಲ್ಲಿ ಅರಸೀಕೆರೆಯ ನಮ್ಮ ಮನೆಗೆ ತಂದುಬಿಟ್ಟರು. ಹೊರಡುವಾಗ, "ಸರ್, ಇದನ್ನ ಗೇಟಲ್ಲಿ ಕಟ್ಟಾಕೋಕೆ ಕೊಡ್ತಿಲ್ಲ. ಮನೆ ಒಳಗೆ, ನಿಮ್ಮ ಜೊತೆ ಇರ್ಬೇಕು. ಮುಂದಿನ ತಿಂಗಳು ಬಂದು ನೋಡ್ತೀನಿ, ಹೊರಗೇ ಇದ್ರೆ ಕರ್ಕೊಂಡು ಹೋಗ್ತೀನಿ" ಎಂದರು. ಕಂದು ಮೈ, ಬಿಳಿ ಹೊಟ್ಟೆ ನೋಡಿ ವೀಣಾ ಅದಕ್ಕೆ ಕೊಬ್ಬರಿ ಎಂದು ಹೆಸರಿಟ್ಟಳು. ಕೊಬ್ಬರಿ ಮಂಡಿಗಳಿರುವ ಬೀದಿಯಲ್ಲಿ ಇಡಬಾರದ ಹೆಸರು. ಅವಳು ಬಾಗಿಲಲ್ಲಿ ನಿಂತು "ಕೊಬ್ಬರೀ" ಎಂದು ಕೂಗಿದರೆ ಎದುರಿನ ಮಂಡಿಯವರು ತಲೆಯೆತ್ತಿ, "ಇವತ್ತೇನ್ ರೇಟ್ ಅಂತೆ ಅಕ್ಕಾ?" ಎನ್ನುತ್ತಿದ್ದರು.

ನಾಯಿ ಒಳಗೆ ಬರಲಿಲ್ಲ. ಹೊಸ್ತಿಲಾಚೆ, ನಾವು ಬಿಟ್ಟ ಚಪ್ಪಲಿಗಳ ಪಕ್ಕದಲ್ಲಿ ಮಲಗಿ ಅಲ್ಲೇ ದಿನ ಕಳೆಯುತ್ತಿತ್ತು. ಬೆಣ್ಣೆ ಹಚ್ಚಿದ ರೊಟ್ಟಿ ತೋರಿಸಿದರೆ ಕುತ್ತಿಗೆಯನ್ನಷ್ಟೇ ಒಳಗೆ ಚಾಚುತ್ತಿತ್ತು. ಬಿಸ್ಕತ್ತು ತೋರಿಸಿ ಕರೆಯುತ್ತ ಕರೆಯುತ್ತ ಪೊಟ್ಟಣವನ್ನೆಲ್ಲ ನಾನೇ ತಿಂದೆ. ಕರುಣೆಯಿಂದಾದರೂ ಬಂದೀತೆಂದು ಒಂದು ಬೆಳಿಗ್ಗೆ ನಡುಮನೆಯಲ್ಲಿ ಪ್ರಜ್ಞೆ ತಪ್ಪಿದವನಂತೆ ಬಿದ್ದುಕೊಂಡೆ. ಬಂದದ್ದು ಅಮ್ಮ. "ಏನೋ ಇದು, ಅಂಗಡಿ ಬಾಗಿಲು ತೆಗೆಯೋ ಹೊತ್ತಲ್ಲಿ ಬಿದ್ಕೊಂಡಿದ್ದೀಯ?" ಈ ನಡುವೆ ಟೀಚರಾಗಿದ್ದ ವೀಣಾ ದಿನವೂ ಸಂಜೆ ಶಾಲೆಯಿಂದ ಬಂದವಳೇ ಮೆಟ್ಟಿಲ ಮೇಲೆ ಕೂತು, ನನಗೆ ಎಂದೂ ಹೇಳದ ಸ್ಟಾಫ್ ರೂಮಿನ ಸಂಕಟಗಳನ್ನೆಲ್ಲ ಅದರ ಕಿವಿಯಲ್ಲಿ ಹೇಳತೊಡಗಿದ್ದಳು. ಅದು ಹೋದರೆ ಅವಳು ಅವನ್ನು ನನ್ನ ಬಳಿ ತರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಾಗಿಬಿಡುತ್ತಾಳೆ, ಅಷ್ಟೆ.

ಆಗ ನನಗೊಂದು ಸಿದ್ಧಾಂತ ಹೊಳೆಯಿತು. ಜನ ಚಪ್ಪಲಿ ಬಿಡುವ ಜಾಗದಿಂದಾಚೆ ನಾಯಿಗೆ ಕೋಲಿನ ಏಟು ಕಾದಿದೆ ಎಂದು ದೇವಸ್ಥಾನದ ಮುಂದೆ ಬೆಳೆದ ಇದಕ್ಕೆ ಗೊತ್ತು. ನಮ್ಮ ಹೊಸ್ತಿಲೂ ಅದಕ್ಕೆ ಅಂಥದ್ದೇ ಗಡಿ. ಹಾಗಾದರೆ ಗಡಿಯನ್ನೇ ಒಳಗೆ ಸರಿಸಿದರೆ? ಚಪ್ಪಲಿ ಹಿಡಿದು ನಡುಮನೆಗೆ ಕಾಲಿಟ್ಟದ್ದೇ ತಡ, ಇಷ್ಟಲಿಂಗ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿ ಕೂತಿದ್ದ ಅಮ್ಮ ಎದ್ದು ನಿಂತಳು. "ನಾಯಿ ಬೇಕಾದ್ರೆ ಬರ್ಲಿ ಕಣೋ, ಅದೂ ಶಿವ ಕೊಟ್ಟ ಜೀವನೇ. ಎಕ್ಕಡ ಒಳಗೆ ಬಂದ್ರೆ ನಾನು ಹೊರಗೆ!"

ನಾನೂ ಬುದ್ಧಿವಂತನೇ. ಬೀದಿಯನ್ನೇ ಮುಟ್ಟದ ಹೊಸ ಚಪ್ಪಲಿ ತಂದು ನಡುಮನೆಯಲ್ಲಿಟ್ಟೆ. ನಾಯಿ ದೂರದಿಂದ ನೋಡಿ ಮುಖ ತಿರುಗಿಸಿತು. ಬೀದಿ ಮುಟ್ಟದ್ದು ಚಪ್ಪಲಿಯೇ ಅಲ್ಲ ಎಂಬುದು ಅದರ ಅಭಿಪ್ರಾಯ. "ಹೊಸದಾದ್ರೇನು, ಎಕ್ಕಡ ಎಕ್ಕಡನೇ" ಎಂಬುದು ಅಮ್ಮನದು. ನಡುವೆ ನಾನು, ಕೈಯಲ್ಲಿ ಹೊಸ ಚಪ್ಪಲಿ.

ಒಂದು ಭಾನುವಾರ ಶೈಲಾ ಮೇಡಂ ಫೋನ್ ಮಾಡಿ, ನಾಳೆ ಬರುತ್ತೇನೆ ಎಂದರು. ವೀಣಾ ನಾಯಿಯ ತಟ್ಟೆ ತೊಳೆದು ಬೋರಲು ಹಾಕಿದಳು. ಊಟವಾದ ಮೇಲೆ ನಾನು ಚಾಪೆಯ ಮೇಲೆ ಒರಗಿದೆ. ಆ ಮಧ್ಯಾಹ್ನ ನಿದ್ದೆಯೋ ಎಚ್ಚರವೋ ಹೇಳಲಾರೆ. ಅಟ್ಟದ ಮೇಲಿಂದ ಒಣಗುವ ತೆಂಗಿನಕಾಯಿಯ ವಾಸನೆ ಇಳಿಯುತ್ತಿತ್ತು. ಸ್ಟೇಷನ್ನಿನ ಕಡೆ ಒಂದು ರೈಲು ಕೂಗಿ, ಹೊರಡದೆ ನಿಂತೇ ಇತ್ತು. ಹಳೇಬೀಡಿನ ಕಲ್ಲಿನ ಹೆಂಗಸರು ದೇವಸ್ಥಾನದ ಗೋಡೆಯಿಂದಿಳಿದು, ಮೆಲ್ಲಗೆ ಚಪ್ಪಲಿ ಬಿಟ್ಟು, ಒಬ್ಬೊಬ್ಬರಾಗಿ ನಮ್ಮ ನಡುಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ಬೆಳಕು ಸ್ವಲ್ಪ ಅಲುಗಾಡಿತು. ಯಾರೋ ಬಗ್ಗಿದಂತೆ.

ಕಣ್ಣು ಬಿಟ್ಟಾಗ ಕೊಬ್ಬರಿ ಅಮ್ಮನ ಮಂಚದ ಕೆಳಗೆ ಮಲಗಿತ್ತು. ಗದ್ದದ ಕೆಳಗೆ ಅಮ್ಮನ ಸವೆದ ಚಪ್ಪಲಿಗಳು. ಅಮ್ಮ ಗೋಡೆಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದಳು, ಅಥವಾ ನಿದ್ದೆ ಮಾಡುವವಳಂತೆ ಉಸಿರಾಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ವೀಣಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಅಮ್ಮಾ, ಎಕ್ಕಡ ಒಳಗೆ ತಂದ್ಯಾ?"

"ನಾನ್ಯಾಕೆ ತರ್ಲಿ? ನಾಯಿ ಕಚ್ಕೊಂಡು ಬಂದಿರ್ಬೇಕು."

ಚಪ್ಪಲಿಗಳು ಜೋಡಿಯಾಗಿ, ನೇರವಾಗಿದ್ದವು. ಒಂದೂ ಹಲ್ಲಿನ ಗುರುತಿರಲಿಲ್ಲ. ವೀಣಾಳನ್ನು ನೋಡಿದೆ. "ನನ್ನನ್ಯಾಕೆ ನೋಡ್ತೀರಿ? ನೀವೇ ನಿದ್ದೆಗಣ್ಣಲ್ಲಿ ಇಟ್ಟಿರ್ತೀರಿ" ಎಂದಳು. ಅಮ್ಮ ಎದ್ದು ನೀರು ಚಿಮುಕಿಸಿ ನೆಲ ಒರೆಸಿದಳು. ನಾಯಿಯನ್ನು ಏಳಿಸಲಿಲ್ಲ, ಅದರ ಸುತ್ತ ಒರೆಸಿದಳು.

ಮರುದಿನ ಚಪ್ಪಲಿಗಳೆಲ್ಲ ಹೊರಗಿದ್ದವು, ಕೊಬ್ಬರಿ ಒಳಗಿತ್ತು. ನನ್ನ ಸಿದ್ಧಾಂತಕ್ಕೆ ಅಲ್ಲಿಗೆ ಕೆಲಸ ಮುಗಿಯಿತು. ಶೈಲಾ ಮೇಡಂ, "ಹೆಂಗೆ ಬಂತು ಸರ್?" ಎಂದು ಕೇಳಿದಾಗ ನಾನು ವಿವರಿಸಲು ಬಾಯಿ ತೆರೆದೆ. "ಅದರ ಮನೆ, ಅದು ಬಂತು. ಕಾಫಿ ಕುಡೀರಿ" ಎಂದು ಅಮ್ಮ ಲೋಟ ಮುಂದಿಟ್ಟಳು. ಜೀಪು ಖಾಲಿಯಾಗಿಯೇ ಹೋಯಿತು.

ಆ ಚಪ್ಪಲಿಗಳನ್ನು ಒಳಗೆ ತಂದವರು ಯಾರೆಂದು ನನಗೆ ಗೊತ್ತಿಲ್ಲ. ನಾನೇ ತಂದೆನೋ ಎಂಬುದೂ ಗೊತ್ತಿಲ್ಲ.