ಮನೆಗೆ ನಾನು ಟೇಪು ಅಂಟಿಸಿದ ಕಥೆ

ಸೋರಿಕೆ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ನಾವಿರುವ ಪರದೇಶದ ಊರಾದ ಇಡೀ ಗಾಲ್ವೇಯಲ್ಲಿ ಯಾರೂ ಇಲ್ಲವೆಂದು ನಾನು ನಂಬಿದ್ದ ಕಾಲವದು. ನಂಬಿಕೆಗೆ ಕಾರಣವೂ ಇತ್ತು. ಪಾರ್ಕ್‌ಮೋರ್‌ನ ಒಂದು ಕಾರ್ಖಾನೆಯಲ್ಲಿ, ಆಸ್ಪತ್ರೆಗಳಿಗೆ ಹೋಗುವ ಸಣ್ಣ ಪ್ಲಾಸ್ಟಿಕ್ ಕೊಳವೆಗಳಲ್ಲಿ ಎಲ್ಲಾದರೂ ತೂತಿದೆಯೇ ಎಂದು ಪರೀಕ್ಷಿಸುವುದೇ ನನ್ನ ಉದ್ಯೋಗ. ಕೂದಲೆಳೆಯಷ್ಟು ತೂತಿದ್ದರೂ ನನ್ನ ಕಣ್ಣಿನಿಂದ ತಪ್ಪಿಸಿಕೊಳ್ಳಲಾರದು. ಇಂಥವಳ ಮನೆಯಲ್ಲಿಯೇ ಗಾಳಿ ಸೋರುವುದೆಂದರೆ!

ನಮ್ಮ ಮನೆಯೂ ಹುಟ್ಟಿದ್ದು ಕಾರ್ಖಾನೆಯಲ್ಲೇ. ಗೋಡೆ, ಕಿಟಕಿ, ಬಾತ್‌ರೂಮು ಎಲ್ಲ ಅಲ್ಲೇ ಸಿದ್ಧವಾಗಿ, ಎರಡು ತುಂಡಾಗಿ ಎರಡು ಲಾರಿಗಳ ಮೇಲೆ ಬಂದು, ಕ್ರೇನಿನಿಂದ ಇಳಿದು ಒಂದೇ ದಿನದಲ್ಲಿ ಕೂಡಿಕೊಂಡಿತ್ತು. ಮೈಸೂರಿನಲ್ಲಿರುವ ನಮ್ಮತ್ತೆಗೆ ಅದರ ವಿಡಿಯೋ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಗುದ್ದಲಿ ಪೂಜೆ ಎಲ್ಲಿ ಮಾಡಿಸಿದ್ರಿ, ಲಾರಿ ಮೇಲಾ?"

ದಪ್ಪ ಗೋಡೆ, ಮೂರು ಪದರದ ಗಾಜು. ಚಳಿ ಒಳಗೆ ಬರಬಾರದು. ಆದರೆ ಬರುತ್ತಿತ್ತು! ಕೊರೋನಾ ಬಂದ ಮೇಲಿನ ಮೊದಲ ಚಳಿಗಾಲ. ಐದು ಕಿಲೋಮೀಟರ್ ಆಚೆ ಹೋಗುವಂತಿಲ್ಲ, ಯಾರ ಮನೆಯೊಳಕ್ಕೂ ಕಾಲಿಡುವಂತಿಲ್ಲ. ವಾರದಲ್ಲಿ ಮೂರು ದಿನ ನಾನು ಸೋಫಾದ ಮೇಲೆ ಕೂತೇ ಕಚೇರಿ ಕೆಲಸ ಮಾಡುತ್ತಿದ್ದೆ. ಆಗೆಲ್ಲ ನನ್ನ ನೆತ್ತಿಯ ಮೇಲೆ ಯಾರೋ ತಣ್ಣಗೆ ಊದಿದಂತಾಗುತ್ತಿತ್ತು.

ಒಂದು ಭಾನುವಾರ ದೇವರ ಮುಂದಿನ ಊದುಬತ್ತಿಯನ್ನೇ ಹಿಡಿದು ತನಿಖೆಗೆ ಹೊರಟೆ. ಎಲ್ಲಿ ಹೊಗೆ ಅಲುಗುತ್ತದೋ ಅಲ್ಲಿ ಸೋರಿಕೆ. ಅರ್ಧ ಗಂಟೆಯಲ್ಲಿ ಅಪರಾಧಿಗಳು ಸಿಕ್ಕಿಬಿದ್ದರು. ಸೀಲಿಂಗಿನಲ್ಲಿ ಆರು ದುಂಡನೆಯ ತೂತುಗಳು! ಕೆಲವು ಗಾಳಿ ಊದುತ್ತಿದ್ದವು, ಕೆಲವು ಹೀರುತ್ತಿದ್ದವು.

"ರೀ, ಕಟ್ಟಿದೋರು ಆರು ತೂತು ಮುಚ್ಚೋದನ್ನೇ ಮರೆತಿದ್ದಾರೆ!" ಎಂದು ಕೂಗಿದೆ.

ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನ್ನ ಗಂಡ ಶ್ರೀಧರ ಎದ್ದು ಬಂದು ಕತ್ತೆತ್ತಿ ನೋಡಿದರು. "ಅಷ್ಟು ನೀಟಾಗಿ ಬಿಳಿ ಬಳೆ ಕೂರಿಸಿದ್ದಾರೆ. ಮರೆತಿರೋ ಥರ ಕಾಣಲ್ವಲ್ಲ ಸುಮಾ?"

"ನೀವು ಸಾಫ್ಟ್‌ವೇರ್. ಇದು ಹಾರ್ಡ್‌ವೇರ್."

ಅವರು ಸ್ಟೂಲು ತಂದು ಹಿಡಿದುಕೊಂಡರು. ನಾನು ಹತ್ತಿ ಆರಕ್ಕೂ ಬೆಳ್ಳಿ ಬಣ್ಣದ ಅಗಲ ಟೇಪನ್ನು ಎರಡೆರಡು ಪದರ ಅಂಟಿಸಿದೆ. ಆಗ ಮೂಲೆಯ ಕಪಾಟಿನಿಂದ ಗುಂಯ್ ಎಂಬ ಸದ್ದು ಜೋರಾಯಿತು. ಒಳಗೊಂದು ಪೆಟ್ಟಿಗೆಯಂಥ ಯಂತ್ರ. ಹಗಲೂ ಇರುಳೂ ಕರೆಂಟು ತಿನ್ನುತ್ತಿದೆ, ಏನು ಮಾಡುತ್ತಿದೆಯೆಂದು ನಮಗೆ ಗೊತ್ತಿಲ್ಲ. ಸ್ವಿಚ್ ಆರಿಸಿದೆ. ಸದ್ದೂ ಇಲ್ಲ, ಚಳಿಯೂ ಇಲ್ಲ. ಆಹಾ!

ಮರುದಿನ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ನೋರೀನ್ ಮಾತಾಡಿಸಿದರು. ನಿವೃತ್ತ ನರ್ಸ್, ಎಪ್ಪತ್ತು ದಾಟಿದವರು. ಅವರದೂ ನಮ್ಮಂಥದೇ ಮನೆ. ಅವರ ಯಜಮಾನರು ಮಿಕ್, ಎದೆ ಮೊದಲಿನಿಂದಲೂ ದುರ್ಬಲ. ಕೊರೋನಾ ಬಂದಾಗಿನಿಂದ ಗೇಟು ದಾಟಿರಲಿಲ್ಲ.

"ಮಿಕ್ ಕೂರೋ ಕುರ್ಚಿ ಮೇಲೇ ತಣ್ಣನೆ ಗಾಳಿ ಸುಮಾ. ಪಾಪ, ಎರಡು ಟೋಪಿ ಹಾಕ್ಕೊಂಡು ಕೂತಿರ್ತಾನೆ," ಎಂದರು.

ನಾನು ಗಂಭೀರವಾಗಿ ಒಳಗೆ ಹೋಗಿ ಉಳಿದ ಟೇಪಿನ ಸುರುಳಿ ತಂದೆ. ಎರಡು ಮೀಟರ್ ಅಂತರದಿಂದ ಎಸೆದೆ. ನೋರೀನ್ ಚೆಂಡಿನಂತೆ ಹಿಡಿದರು. ಹೇಗೆ ಅಂಟಿಸಬೇಕು, ಯಾವ ಸ್ವಿಚ್ ಆರಿಸಬೇಕು ಎಲ್ಲವನ್ನೂ ಹೇಳಿಕೊಟ್ಟೆ. "ನೀನು ಗ್ರ್ಯಾಂಡ್ ಹುಡುಗಿ!" ಎಂದು ಹೊಗಳಿದರು. ಆ ಹೊಗಳಿಕೆಯಿಂದಲೇ ಎರಡು ದಿನ ಬೆಚ್ಚಗಿದ್ದೆ.

ಮೂರನೆಯ ದಿನ ಕಿಟಕಿಗಳು ಅಳತೊಡಗಿದವು. ಗಾಜಿನ ಮೇಲೆ ಒಳಗಡೆಯಿಂದಲೇ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ಎಂಟು ವರ್ಷದ ಮಗಳು ಅನಘಾ ಅದರಲ್ಲಿ ಬೆರಳಿನಿಂದ ಕುರಿಗಳ ಚಿತ್ರ ಬರೆದು "ಲುಕ್ ಅಮ್ಮಾ, ದೇ ಆರ್ ಕ್ರೈಯಿಂಗ್!" ಎಂದಳು. ಒರೆಸಿದೆ, ಮತ್ತೆ ಬಂತು. ತೇವ ಆರಲೆಂದು ಹೀಟರ್ ಜೋರು ಮಾಡಿದೆ. ಹೀಟರ್ ಹೇಗೂ ಜೋರಾಗಿದೆಯಲ್ಲ ಎಂದು ಒಗೆದ ಬಟ್ಟೆಯನ್ನೆಲ್ಲ ಹಾಲ್‌ನಲ್ಲೇ ಹರವಿದೆ. ಮನೆ ಇಡ್ಲಿ ಪಾತ್ರೆಯಂತಾಯಿತು. ಕರೆಂಟು ಉಳಿಸಲು ಹೊರಟವಳ ಮೀಟರು ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಕಪಾಟು ತೆರೆದರೆ ನನ್ನ ಮದುವೆಯ ರೇಷ್ಮೆ ಸೀರೆಗೆ ಹೊಸದೊಂದು ಹಸಿರು ಅಂಚು. ಅದು ಬೂಷ್ಟು!

ಕಿಟಕಿ ಸೋರುತ್ತಿದೆ, ಇದು ಮನೆ ಕಟ್ಟಿದವರದೇ ತಪ್ಪು ಎಂದು ತೀರ್ಮಾನಿಸಿದೆ. ಫೋಟೋ ಸಮೇತ ಕಂಪನಿಗೆ ಖಡಕ್ಕಾದ ಇಮೇಲ್ ಬರೆದೆ. 'ಗುಣಮಟ್ಟ ಪರೀಕ್ಷೆಯ ಕ್ಷೇತ್ರದಲ್ಲಿ ಹಲವು ವರ್ಷಗಳ ಅನುಭವವುಳ್ಳ ನಾನು' ಎಂದೇ ಆರಂಭ. ತುರ್ತು ಕೆಲಸಕ್ಕೆ ಮಾತ್ರ ಜನ ಕಳಿಸುತ್ತಿದ್ದೇವೆ, ಹತ್ತು ದಿನ ಆಗಬಹುದು ಎಂದು ಉತ್ತರ ಬಂತು.

ಅಷ್ಟರಲ್ಲಿ ಮೂವರಿಗೂ ತಲೆ ಭಾರ. ಬೆಳಿಗ್ಗೆ ಎದ್ದರೆ ಮಲಗಿಯೇ ಇರಲಿಲ್ಲವೇನೋ ಎಂಬಂಥ ಸುಸ್ತು. ಅನಘಾ ಆನ್‌ಲೈನ್ ತರಗತಿಯಲ್ಲಿ ಟೇಬಲ್ಲಿಗೆ ಹಣೆ ಹಚ್ಚಿ ನಿದ್ದೆ ಹೋಗುತ್ತಿದ್ದಳು. ಶ್ರೀಧರ ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಆ ರೋಗದ ಹೆಸರನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಬಾಯಿಗೆ ರುಚಿಯಾಗಿ ಒಂದು ಸಾರು ಮಾಡಿದರೆ ಎಲ್ಲ ಸರಿಹೋಗುತ್ತದೆಂದು ಶನಿವಾರ ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ನಿಂತೆ. ಜೊತೆಗೆ ಒಂದು ಹಿಡಿ ಗುಂಟೂರು. ಇಲ್ಲಿ ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು: ಈ ಮನೆಯಿಂದ ಗಾಳಿ ಹೊರಹೋಗುವ ದಾರಿಗಳನ್ನೆಲ್ಲ ನಾನೇ ಸ್ವಹಸ್ತದಿಂದ ಮುಚ್ಚಿದ್ದೆ.

ಒಂದೇ ನಿಮಿಷ. ಘಾಟು ಇಡೀ ಮನೆ ತುಂಬಿತು. ಮೊದಲು ನಾನು ಕೆಮ್ಮಿದೆ. ಮೀಟಿಂಗಿನಲ್ಲಿದ್ದ ಶ್ರೀಧರ ಕೆಮ್ಮಿದರು. ಅನಘಾ ಕೆಮ್ಮಿದಳು. ಒಲೆ ಆರಿಸಿ ಮೂವರೂ ಬಾಗಿಲು ತೆರೆದು ಅಂಗಳಕ್ಕೆ ಓಡಿದೆವು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಗ್ಗಿ ಬಗ್ಗಿ ಕೆಮ್ಮು!

ಆಚೆ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ನೋರೀನ್ ಒಂದು ಕ್ಷಣ ಕಲ್ಲಾದರು. ಆಮೇಲೆ ಅವರೊಳಗಿನ ನರ್ಸ್ ಎದ್ದು ನಿಂತಳು.

"ಒಳಗೆ ಹೋಗಿ! ಮೂರೂ ಜನ ಒಳಗೆ! ಬಾಗಿಲು ಹಾಕ್ಕೊಳ್ಳಿ!"

"ನೋರೀನ್, ಮೆಣಸಿ... ಮೆಣಸಿ..." ಎಂದೆ. ಮುಂದಿನದು ಕೆಮ್ಮಿನಲ್ಲಿ ಹೋಯಿತು.

"ಮಾತಾಡಬೇಡ ಸುಮಾ. ಶಕ್ತಿ ಉಳಿಸ್ಕೋ. ತಲೆನೋವಿದೆಯಾ?"

ಇತ್ತು. ಸುಳ್ಳು ಹೇಳುವುದು ಹೇಗೆ? ತಲೆಯಾಡಿಸಿದೆ.

"ಸುಸ್ತು?"

ಅದೂ ಇತ್ತು. ನೋರೀನ್ ಬಾಗಿಲ ಕಡೆ ಕೈ ತೋರಿಸಿದರು. ನಾವು ಮೂವರೂ ವಿಧೇಯರಾಗಿ ಮತ್ತೆ ಆ ಘಾಟಿನೊಳಗೇ ನಡೆದೆವು!

ಡಾಕ್ಟರು ಫೋನಿನಲ್ಲಿ ಎಲ್ಲ ಕೇಳಿ ಟೆಸ್ಟಿಗೆ ಬರೆದುಕೊಟ್ಟರು. ಫಲಿತಾಂಶ ಬರುವ ತನಕ ಹೊರಗೆ ಬರುವಂತಿಲ್ಲ. ನೋರೀನ್ ದಿನಾ ಕಾಂಪೌಂಡಿನ ಮೇಲೆ ಬಿಸಿ ಸೂಪು, ಬ್ರೆಡ್ಡು ಇಟ್ಟು ಕೈ ಬೀಸಿ ಹೋಗುತ್ತಿದ್ದರು. ಎರಡನೆಯ ದಿನ ಸೂಪು ಬಂತು, ಕೈ ಬೀಸಲಿಲ್ಲ. ಫೋನ್ ಮಾಡಿದೆ.

"ಮಿಕ್‌ಗೆ ಕೆಮ್ಮು ಶುರುವಾಗಿದೆ," ಎಂದರು. ಅವರ ದನಿ ಸಣ್ಣಗಾಗಿತ್ತು. "ಅವನಿಗೂ ಟೆಸ್ಟ್ ಹೇಳಿದ್ದಾರೆ. ಉಸಿರಾಟ ಹೀಗೇ ಇದ್ದರೆ ಆಸ್ಪತ್ರೆಗೆ ಅಂತಾರೆ."

ಫೋನು ಕೆಳಗಿಡುತ್ತಲೇ ನೆನಪಾಯಿತು. ನಾನು ಎಸೆದ ಆ ಸುರುಳಿ! ಅದನ್ನು ಮುಟ್ಟಿದ್ದು ನಾನು, ಹಿಡಿದದ್ದು ಅವರು. ವೈರಸ್ಸು ಅದರ ಮೇಲೇ ಕೂತು ಹೋಗಿರಬೇಕು! ಗಂಡನಿಗೆ ಹೇಳಿಕೊಂಡು ಅತ್ತುಬಿಟ್ಟೆ. "ಹಾಗೆಲ್ಲ ಆಗಿರಲ್ಲ ಕಣೇ," ಎಂದರು ಶ್ರೀಧರ. ಆದರೆ ಅವರೂ ಅಂದು ಊಟ ಮಾಡಲಿಲ್ಲ. ಅನಘಾ ಒಂದು ಕಾರ್ಡಿನ ಮೇಲೆ ಕುರಿ ಬರೆದು, ಮಿಕ್‌ಗೆ ಕಾಣಲೆಂದು ನಮ್ಮ ಕಿಟಕಿಗೆ ಅಂಟಿಸಿದಳು. ತೇವಕ್ಕೆ ಅದು ಬಿದ್ದುಹೋಯಿತು.

ಫೋನಿಗೆ ಮೆಸೇಜು ಬಂತು. ನಮಗೆ ಮೂವರಿಗೂ ಕೊರೋನಾ ಇಲ್ಲ! ಸಂಜೆ ನೋರೀನ್ ಫೋನು. ಮಿಕ್‌ಗೂ ಇಲ್ಲ! ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆದರೆ ನಮ್ಮ ತಲೆನೋವು ಹಾಗೇ ಇತ್ತು. ಮಿಕ್ ಕೆಮ್ಮು ಕೂಡ.

ಕಂಪನಿಯ ಡೆಕ್ಲನ್ ಬಂದದ್ದು ಅದರ ಮಾರನೆಯ ದಿನ. ಮಾಸ್ಕು ಕಟ್ಟಿದ ಎತ್ತರದ ಆಳು. ನಿಯಮದ ಪ್ರಕಾರ ನಾವು ಅಂಗಳದಲ್ಲಿ ನಿಂತೆವು. ನನ್ನ ಕೈಯಲ್ಲಿ ದೂರುಗಳ ಪಟ್ಟಿ. ಐದು ನಿಮಿಷದಲ್ಲಿ ಡೆಕ್ಲನ್ ಹೊರಬಂದರು. ಕೈಯಲ್ಲಿ ಬೆಳ್ಳಿ ಬಣ್ಣದ ದೊಡ್ಡದೊಂದು ಉಂಡೆ.

"ಇದನ್ನ ಯಾರು ಅಂಟಿಸಿದ್ದು?"

ಶ್ರೀಧರ ಆಕಾಶ ನೋಡಿದರು. ಅನಘಾ ನನ್ನನ್ನು ನೋಡಿದಳು.

"ನಾನು. ಗಾಳಿ ಸೋರ್ತಿತ್ತು," ಎಂದೆ.

"ಮೇಡಂ, ಈ ಮನೇನ ನಾವು ಗಾಳಿ ಆಡದ ಹಾಗೆ ಬಿಗಿಯಾಗಿ ಮಾಡಿರ್ತೀವಿ. ಉಸಿರಾಡೋದಕ್ಕೆ ಇರೋದು ಆ ಆರು ತೂತು ಮಾತ್ರ. ಹೊರಗೆ ಹೋಗೋ ಗಾಳಿಯ ಬಿಸೀನ ಒಳಗೆ ಬರೋ ಗಾಳಿಗೆ ಕೊಡೋದು ಕಪಾಟಲ್ಲಿರೋ ಆ ಯಂತ್ರ. ಕರೆಂಟ್ ಉಳಿಸೋದೇ ಅದು. ನೀವು ಮೂಗಿಗೂ ಟೇಪು ಹಾಕಿ, ಶ್ವಾಸಕೋಶನೂ ಆಫ್ ಮಾಡಿದ್ದೀರಿ!"

"ಮತ್ತೆ ಆ ನೀರು?"

"ನಿಮ್ಮದೇ. ನಿಮ್ಮ ಉಸಿರು, ನಿಮ್ಮ ಅಡುಗೆ, ನಿಮ್ಮ ಒದ್ದೆ ಬಟ್ಟೆ."

"ಮತ್ತೆ ತಣ್ಣಗೆ ಬರ್ತಿತ್ತಲ್ಲ?"

"ಅದು ನಮ್ಮ ತಪ್ಪು. ಸೋಫಾ ಮೇಲಿನ ಬಳೆ ಜಾಸ್ತಿ ತೆರೆದಿತ್ತು. ಅರ್ಧ ಸುತ್ತು ತಿರುಗಿಸಿದೆ. ಈಗ ಸರಿ ಇದೆ."

ಅರ್ಧ ಸುತ್ತು! ಎರಡು ಬೆರಳಿನ ಕೆಲಸ! ನನ್ನ ದೂರುಗಳ ಪಟ್ಟಿ ಮೆಲ್ಲಗೆ ಕೋಟಿನ ಜೇಬು ಸೇರಿತು.

ಆಗ ನನಗೆ ಮಿಕ್ ಕುರ್ಚಿ ನೆನಪಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರಲಾಗಲಿಲ್ಲ.

"ಡೆಕ್ಲನ್, ಪಕ್ಕದ ಮನೇಲೂ ನೋಡಿಬಿಡಿ. ಅಲ್ಲೂ ಇದೇ ಟೇಪು ಇದೆ. ಕೊಟ್ಟಿದ್ದೂ ನಾನೇ."

ಅವರು ಅಲ್ಲಿಂದಲೂ ಒಂದು ಉಂಡೆ ಹಿಡಿದು ಹೊರಬಂದರು. ಹಿಂದೆಯೇ ನೋರೀನ್. ನಾನು ಕಾಂಪೌಂಡಿನ ಹತ್ತಿರ ಹೋಗಿ ನಿಂತೆ. ಎಲ್ಲವನ್ನೂ ಹೇಳಿ, "ಮಿಕ್‌ಗೆ ಹೀಗಾಗಿದ್ದು ನನ್ನಿಂದಲೇ. ಕ್ಷಮಿಸಿ," ಎಂದೆ. ಕಣ್ಣೊರೆಸಿಕೊಂಡೆ. ಈ ಸಲ ಮೆಣಸಿನಕಾಯಿ ಇರಲಿಲ್ಲ.

ನೋರೀನ್ ನಿಟ್ಟುಸಿರಿಟ್ಟರು.

"ನಾನು ಮೂವತ್ತು ವರ್ಷ ವಾರ್ಡಿನಲ್ಲಿ ಕಿಟಕಿ ತೆಗೀರಿ, ಗಾಳಿ ಬರಲಿ ಅಂತ ಕಂಡೋರ ಮೇಲೆಲ್ಲ ಕೂಗಾಡಿದವಳು ಸುಮಾ. ನೀನು ಟೇಪು ಎಸೆದೆ, ಸರಿ. ಏಣಿ ಹತ್ತಿ ಅಂಟಿಸಿದ್ದು ಯಾರು? ಇಬ್ಬರೂ ಸೇರಿ ನಾಚಿಕೆ ಪಡೋಣ ಬಿಡು."

ನಾಲ್ಕು ದಿನದಲ್ಲಿ ಮಿಕ್ ಕೆಮ್ಮು ಇಳಿಯಿತು. ಐದನೆಯ ದಿನ ಅವರು ಒಂದೇ ಟೋಪಿ ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ಕಂಡು ಗಾಜು ಸರಿಸಿ ಹತ್ತಿರ ಕರೆದರು. ನಾನು ಎರಡು ಮೀಟರ್ ದೂರದಲ್ಲಿ ಕೈಕಟ್ಟಿ ನಿಂತೆ.

"ಸುಮಾ, ಮುಂದೆ ಯಾವತ್ತಾದ್ರೂ ಮನೆ ವಿಚಾರದಲ್ಲಿ ನಿನಗೆ ಇಂಥದೊಂದು ಒಳ್ಳೆ ಐಡಿಯಾ ಹೊಳೆದರೆ..."

"ಖಂಡಿತ ಮಿಕ್, ಮೊದಲು ನಿಮ್ಮನ್ನ ಕೇಳ್ತೀನಿ!"

"ಬೇಡ. ಒಂದು ಕಪ್ ಟೀ ಕುಡಿದು ಮಲಕ್ಕೋ. ತಾನಾಗೇ ಹೊರಟುಹೋಗುತ್ತೆ."