ನನ್ನ ಉತ್ತರ ದಿಗ್ವಿಜಯವೂ ಒಂದು ಕೆಂಪು ಬ್ಯಾಗೂ

ನಾನು ಮಾತು ಕೊಟ್ಟರೆ ಮುಗಿಯಿತು. ಆಮೇಲೆ ಹಿಮಾಲಯವೇ ಅಡ್ಡ ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಇದನ್ನು ನನ್ನ ಹೆಂಡತಿಯೂ ಒಪ್ಪುತ್ತಾಳೆ. "ನೀವು ಮಾತು ಕೊಟ್ರೆ ಮುಗೀತು" ಎಂದು ಅವಳೂ ಅನ್ನುತ್ತಾಳೆ. ಧ್ವನಿ ಮಾತ್ರ ಸ್ವಲ್ಪ ಬೇರೆ.

ಈ ಸಲ ಕೊಟ್ಟ ಮಾತು ಸಾಮಾನ್ಯದ್ದಲ್ಲ. ಮದುವೆಯ ನಲವತ್ತನೇ ವರ್ಷಕ್ಕೆ ಗೌರಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು, ನ್ಯೂಜೆರ್ಸಿಯ ಮೆಟುಚೆನ್ನಿನ ನಮ್ಮ ಮನೆಯಿಂದ ಹೊರಟು, ಕೆನಡಾದ ಕ್ವಿಬೆಕ್ ಕಾಡುಗಳನ್ನು ಸೀಳಿಕೊಂಡು, ರಸ್ತೆಯೇ "ಇನ್ನು ನನ್ನ ಕೈಲಾಗದಪ್ಪಾ" ಎಂದು ಕೂತುಬಿಡುವ ಜಾಗದವರೆಗೆ ಉತ್ತರಕ್ಕೆ ಹೋಗುವುದು! ಸುಮಾರು ಎರಡು ಸಾವಿರ ಕಿಲೋಮೀಟರ್. ಅದರಲ್ಲಿ ಮುನ್ನೂರ ಎಂಬತ್ತೊಂದು ಕಿಲೋಮೀಟರ್ ಉದ್ದಕ್ಕೂ ಒಂದೇ ಒಂದು ಗ್ಯಾಸ್ ಸ್ಟೇಷನ್, ಅಂದರೆ ಪೆಟ್ರೋಲ್ ಬಂಕ್, ಇಲ್ಲ. ಇರುವುದು ಮರ, ಕೆರೆ, ಕರಡಿ ಮತ್ತು ಸೊಳ್ಳೆ. ಅಲ್ಲಿನ ಸೊಳ್ಳೆಗಳು ನಂಬರ್ ಪ್ಲೇಟ್ ಹಾಕಿಸಿಕೊಂಡೇ ಹಾರುತ್ತವಂತೆ!

ನಿಜ ಹೇಳಬೇಕೆಂದರೆ ಇದು ಗೌರಿಯೇ ಕೇಳಿದ್ದು. ನ್ಯೂಜೆರ್ಸಿಗೆ ಬಂದು ಮೂವತ್ತೆಂಟು ವರ್ಷವಾಯಿತು. ಅಷ್ಟರಲ್ಲಿ ನಾವು ಮಾಡಿದ ಪ್ರವಾಸಗಳನ್ನೆಲ್ಲ ಒಟ್ಟು ಹಾಕಿದರೆ ಉತ್ತರ ಒಂದೇ: ನಯಾಗರ. ನ್ಯೂಅರ್ಕಿನಲ್ಲಿ ವಿಮಾನ ಇಳಿದ ನೆಂಟರು ಕೈಕಾಲು ತೊಳೆಯುವ ಮೊದಲೇ "ನಯಾಗರ ಯಾವಾಗ?" ಎನ್ನುತ್ತಾರೆ. ಅತ್ತೆ ಮಕ್ಕಳು, ಚಿಕ್ಕಪ್ಪನ ಬೀಗರು, ಬೀಗರ ಪಕ್ಕದ ಮನೆಯವರು. ಹೀಗೆ ಇಪ್ಪತ್ತೇಳು ಸಲ! ನನ್ನ ಕಾರನ್ನು ಹ್ಯಾಂಡ್ ಬ್ರೇಕ್ ತೆಗೆದು ಸುಮ್ಮನೆ ಬಿಟ್ಟರೆ, ಸಂಜೆಯ ಹೊತ್ತು ಕೊಟ್ಟಿಗೆ ಹುಡುಕಿಕೊಂಡು ಹೋಗುವ ಹಸುವಿನ ಹಾಗೆ, ತಾನೇ ಹೋಗಿ ನಯಾಗರದಲ್ಲಿ ನಿಲ್ಲುತ್ತದೆ.

"ಈ ಸಲ ನೆಂಟ್ರು ಬರಕ್ಕಾಗದೇ ಇರೋ ಕಡೆ ಹೋಗೋಣ ಕಣ್ರೀ" ಎಂದಳು ಗೌರಿ. "ಯಾರಿಗೂ ಚಿತ್ರಾನ್ನ ಹಂಚೋದು ಬೇಡ. ಒಂದು ಕೆರೆ ಮುಂದೆ ನಾವಿಬ್ರೇ ಸುಮ್ಮನೆ ಕೂತಿರ್ಬೇಕು. ಅಷ್ಟೇ."

ಅಷ್ಟೇ! ನಲವತ್ತು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದು ಕೆರೆ. ಅದನ್ನೂ ಕೊಡಿಸದಿದ್ದರೆ ನಾನೆಂಥ ಗಂಡು? ಮೀಸೆ ಇಲ್ಲದಿದ್ದರೂ ಅದು ಇರಬೇಕಾದ ಜಾಗವನ್ನು ತಿರುವಿಕೊಂಡು ಯೋಜನೆಗೆ ಕೂತೆ.

ಯೋಜನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಪಾರ್ಸಿಪನಿಯ ಆಫೀಸೊಂದರಲ್ಲಿ ಮೂವತ್ತು ವರ್ಷ ಪ್ರಾಜೆಕ್ಟುಗಳಿಗೆ ಪ್ಲಾನ್ ಹಾಕಿ ನಿವೃತ್ತನಾದವನು. ಆ ಪ್ರಾಜೆಕ್ಟುಗಳಲ್ಲಿ ಒಂದೆರಡು ಮುಗಿದೂ ಇವೆ. ಹತ್ತೊಂಬತ್ತು ಪುಟಗಳ ಸ್ಪ್ರೆಡ್‌ಶೀಟ್ ತಯಾರಾಯಿತು. ಎಲ್ಲಿ ಗ್ಯಾಸ್, ಎಲ್ಲಿ ಊಟ, ಎಲ್ಲಿ ಆಕಳಿಕೆ, ಎಲ್ಲವಕ್ಕೂ ಒಂದೊಂದು ಬಣ್ಣ. ಬುಧವಾರ ಬೆಳಿಗ್ಗೆ ಆರಕ್ಕೆ ಹೊರಡುವುದು. ಶನಿವಾರ ಸಂಜೆ ರಸ್ತೆಯ ಕೊನೆಯಲ್ಲಿರುವ ಊರು. ಅಲ್ಲಿ ಸಿಕ್ಕ ಒಂದೇ ಒಂದು ರೂಮನ್ನು ಬುಕ್ ಮಾಡಿದ್ದೂ ಆಯಿತು.

"ಗ್ಯಾಸ್ ಯಾರು ಹಾಕ್ತಾರೆ?" ಎಂದಳು ಗೌರಿ.

"ಯಾರು ಅಂದ್ರೆ? ನಾನೇ!"

"ನೀವಾ? ನ್ಯೂಜೆರ್ಸಿಲಿ ಬಂಕಿನವರೇ ಹಾಕ್ತಾರೆ ಅಂತ ಇಷ್ಟು ವರ್ಷ ಕಾರಿಂದ ಕೆಳಗೇ ಇಳಿದಿಲ್ಲ ನೀವು. ನಯಾಗರದ ದಾರೀಲಿ ನೆಂಟ್ರ ಕೈಲಿ ಹಾಕಿಸಿದೀರಿ. 'ಅಮೆರಿಕಾದಲ್ಲಿ ಇದೊಂದು ಅನುಭವ, ನೀವೇ ಮಾಡಿ ನೋಡಿ' ಅಂತ!"

ಮಾತು ಬದಲಿಸುವುದು ಕ್ಷೇಮವೆನಿಸಿತು. "ಕರಡಿ ಎದುರಾದ್ರೆ ಓಡಬಾರ್ದಂತೆ ಕಣೇ. ನಿಂತ್ಕೊಂಡು ಸಮಾಧಾನವಾಗಿ ಮಾತಾಡ್ತಾ ಇರ್ಬೇಕಂತೆ."

"ಹಾಗಾದ್ರೆ ಹೆದರಿಕೆ ಇಲ್ಲ. ಕನ್ನಡ ಸಂಘದಲ್ಲಿ ಯುಗಾದಿಗೆ ಮಾಡಿದ್ರಲ್ಲ, ಅದೇ ಭಾಷಣ ಮಾಡಿ. ಕರಡಿ ತಾನೇ ಎದ್ದು ಹೋಗತ್ತೆ."

ಹ್ಯಾರಿಸನ್ನಿನಲ್ಲಿರುವ ಮಗಳು ನಿಧಿಗೆ ಸ್ಪ್ರೆಡ್‌ಶೀಟ್ ಕಳಿಸಿದೆ. ಪಿತೃಭಕ್ತಿಯಿಂದ ಕಣ್ಣೀರು ಬರಬಹುದೆಂದು ಕಾದೆ. ಬಂದ ಉತ್ತರ: "ಅಪ್ಪಾ, ಇಟ್ಸ್ ಬ್ಯೂಟಿಫುಲ್. ಡಸ್ ಅಮ್ಮ ಹ್ಯಾವ್ ಎ ಪ್ಲಾನ್ ಬಿ?"

ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಗೌರಿ ಗೋಡೆಯ ಪಂಚಾಂಗದ ಮುಂದೆ ನಿಂತು "ಅಯ್ಯೋ!" ಎಂದಳು. ಬುಧವಾರ ಉತ್ತರ ದಿಕ್ಕಿಗೆ ಶೂಲವಂತೆ. ಅಂದು ಉತ್ತರಕ್ಕೆ ಪ್ರಯಾಣ ಕೂಡದು.

"ಗುರುವಾರ ಹೊರಡೋಣ್ರೀ. ಗುರುವಾರ ದಕ್ಷಿಣಕ್ಕೆ ಮಾತ್ರ ಅಡ್ಡಿ."

"ಆಗಲ್ಲ! ಬುಧವಾರಕ್ಕೆ ಹಸಿರು ಬಣ್ಣ ಬಳಿದಾಗಿದೆ!"

ಅವಳ ಮುಖ ಸಣ್ಣಗಾಯಿತು. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ನಮ್ಮಜ್ಜಿ ಇಂಥ ಇಕ್ಕಟ್ಟಿಗೆ ಒಂದು ಉಪಾಯ ಇಟ್ಟುಕೊಂಡಿದ್ದರು: ಪ್ರಸ್ಥಾನ! ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ಗಳಿಗೆಯಲ್ಲಿ ನಮ್ಮದೊಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರಾಯಿತು. ಲೆಕ್ಕಕ್ಕೆ ಅಂದೇ ಹೊರಟ ಹಾಗೆ! ಆಮೇಲೆ ಯಾವ ದಿನ ಹೊರಟರೂ ಆ ಗಂಟನ್ನು ಎತ್ತಿಕೊಂಡು ಮುಂದೆ ಹೋದರೆ ಶೂಲ ಗೀಲ ಏನೂ ತಟ್ಟುವುದಿಲ್ಲ. ನಿಯಮ ಒಂದೇ: ಆ ಗಂಟನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ, ಅದಕ್ಕಾಗಿ ಮನೆಗೆ ಹಿಂದಿರುಗುವ ಹಾಗೂ ಇಲ್ಲ.

"ನೋಡಿದ್ಯಾ? ಶಾಸ್ತ್ರಕ್ಕೂ ಸ್ಪ್ರೆಡ್‌ಶೀಟಿಗೂ ರಾಜಿ ಮಾಡಿಸಿದ ಮೊದಲ ಇಂಜಿನಿಯರ್ ನಾನೇ!" ಎಂದೆ.

ಭಾನುವಾರ ಕೆಂಪು ಕ್ಯಾನ್ವಾಸ್ ಬ್ಯಾಗು ತೆಗೆದು ಪ್ರಸ್ಥಾನ ಕಟ್ಟಿದೆ. ಸ್ಪ್ರೆಡ್‌ಶೀಟು, ಭೂಪಟ, ಎಲ್ಲಕ್ಕಿಂತ ಮೇಲೆ ನಮ್ಮಿಬ್ಬರ ಪಾಸ್‌ಪೋರ್ಟು.

"ರೀ, ಪಾಸ್‌ಪೋರ್ಟ್ ಯಾಕ್ರೀ ಅದಕ್ಕೆ? ಒಂದು ಪಂಚೆ, ಹಿಡಿ ಅಕ್ಕಿ, ಅರಿಶಿನದ ಕೊನೆ, ಒಂದು ರೂಪಾಯಿ. ಅಷ್ಟಿದ್ರೆ ಸಾಕು."

"ಅದು ನಮ್ಮಜ್ಜಿ ಎತ್ತಿನ ಗಾಡೀಲಿ ನಂಜನಗೂಡಿಗೆ ಹೋಗ್ತಿದ್ದಾಗ! ಪರದೇಶಕ್ಕೆ ಹೋಗೋವಾಗ ಪ್ರಯಾಣದ ಪ್ರಾಣ ಇರೋದೇ ಪಾಸ್‌ಪೋರ್ಟಲ್ಲಿ. ಪ್ರಾಣವೇ ಇಲ್ಲದ ಪ್ರಸ್ಥಾನ ಇಡಕ್ಕಾಗತ್ತಾ?"

ಗೌರಿ "ಸರಿ" ಎಂದು ಅಡಿಗೆಮನೆಗೆ ಹೋದಳು. ನಲವತ್ತು ವರ್ಷದ ಅನುಭವವಿದ್ದ ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಸೋಮವಾರ ಬೆಳಿಗ್ಗೆ ಒಳ್ಳೆಯ ಗಳಿಗೆ. ಸ್ನಾನ ಮುಗಿಸಿ, ಎರಡು ಬೀದಿಯಾಚೆ ಇರುವ ಗೆಳೆಯ ಬದರಿಯ ಮನೆಗೆ ಬ್ಯಾಗನ್ನು ಮೆರವಣಿಗೆಯಲ್ಲಿ ಒಯ್ದೆ. ಅವನ ಮನೆಗೆ ಮೈಸೂರಿನಿಂದ ಅಕ್ಕ, ಭಾವ ಬಂದಿದ್ದರು. ಭಾವನ ಹೆಸರು ಶಿವರಾಮ್. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಗರಾಜಿನಲ್ಲಿ ನಾಲ್ಕೈದು ಬ್ಯಾಗುಗಳು ಸಾಲಾಗಿ ಕೂತಿದ್ದವು. ಇಂಡಿಯಾದಿಂದ ತಂದದ್ದನ್ನು ಇನ್ನೂ ಬಿಚ್ಚಿಲ್ಲವೆಂದುಕೊಂಡು ನನ್ನದನ್ನೂ ಸಾಲಿನ ಕೊನೆಗೆ ಕೂರಿಸಿದೆ.

"ಇಟ್ಟು ಹೋಗಯ್ಯ, ನಿನ್ನ ಬ್ಯಾಗನ್ನ ಯಾರು ತಿಂತಾರೆ?" ಎಂದ ಬದರಿ.

ಬುಧವಾರ ಬೆಳಿಗ್ಗೆ ಆರು ಗಂಟೆ. ಕಾರಿನ ತುಂಬ ಸಾಮಾನು, ಎದೆಯ ತುಂಬ ಶೌರ್ಯ. ಪಕ್ಕದಲ್ಲಿ ಗೌರಿ, ತೊಡೆಯ ಮೇಲೆ ತನ್ನ ಹ್ಯಾಂಡ್‌ಬ್ಯಾಗನ್ನು ಕೈಗೂಸಿನ ಹಾಗೆ ಅಪ್ಪಿಕೊಂಡು. ಬದರಿಯ ಮನೆಯ ಮುಂದೆ ಕಾರು ನಿಲ್ಲಿಸಿ ಬೆಲ್ ಒತ್ತಿದೆ. ಮತ್ತೆ ಒತ್ತಿದೆ. ಬಾಗಿಲು ತಟ್ಟಿದೆ. ಯಾರೂ ಇಲ್ಲ! ಫೋನ್ ಮಾಡಿದೆ.

"ಏನಯ್ಯ ಜಯರಾಮು, ಇಷ್ಟು ಬೆಳಿಗ್ಗೆ?" ಎಂದ ಬದರಿ, ಆಕಳಿಸುತ್ತ.

"ಎಲ್ಲಿದೀಯೋ? ನನ್ನ ಬ್ಯಾಗು ಬೇಕು!"

"ಬ್ಯಾಗಾ? ಅಯ್ಯಯ್ಯೋ... ನಿನ್ನೆ ಹೊರಟು ಬಂದ್ಬಿಟ್ವಿ ಕಣೋ. ಭಾವ ಲಗೇಜು ತುಂಬಿದ್ರು. ಒಂದು ನಿಮಿಷ ಇರು..." ಆಚೆಯಿಂದ ಗುಸುಗುಸು. "ಹೂಂ ಕಣೋ, ಕೆಂಪು ಬ್ಯಾಗು ಇಲ್ಲೇ ಇದೆ. ಭಾವಂದು ಮೂವತ್ತು ವರ್ಷದ ಸರ್ವೀಸಂತೆ. ಒಂದು ಲಗೇಜನ್ನೂ ಬಿಟ್ಟು ಬಂದವರಲ್ಲವಂತೆ."

"ಇಲ್ಲೇ ಅಂದ್ರೆ ಎಲ್ಲಿ?"

ನೀವು ಊಹಿಸಿರುತ್ತೀರಿ. ನಾನೂ ಊಹಿಸಿದ್ದೆ. ಆದರೂ ಕಿವಿಯಾರೆ ಕೇಳಲೇಬೇಕಿತ್ತು.

"ನಯಾಗರದಲ್ಲಿ" ಎಂದ ಬದರಿ.

ಕಾರಿಗೆ ಬಂದು ಕುಸಿದೆ. "ಗೌರಿ, ಎಲ್ಲ ಮುಗೀತು! ನಮ್ಮ ಪಾಸ್‌ಪೋರ್ಟು ನಮಗಿಂತ ಮುಂಚೆ ಪ್ರವಾಸಕ್ಕೆ ಹೋಗಿದೆ! ಮನೆಗೆ ವಾಪಸ್ ಹೋಗೋಣ. ಬದರಿ ಬರೋದು ಶುಕ್ರವಾರ. ರೂಮು, ಕೆರೆ, ಯಾವುದೂ ಇಲ್ಲ."

ಅವಳು ಬಯ್ಯುತ್ತಾಳೆಂದು ತಲೆ ತಗ್ಗಿಸಿದೆ. ಬಯ್ಯಲಿಲ್ಲ. ಹ್ಯಾಂಡ್‌ಬ್ಯಾಗನ್ನು ಇನ್ನೊಂದಿಷ್ಟು ಹತ್ತಿರಕ್ಕೆಳೆದುಕೊಂಡು, "ಮನೆಗೆ ವಾಪಸ್ ಹೋಗೋ ಹಾಗಿಲ್ಲ ಅಂದಿದ್ದು ಯಾರು? ಗಂಟು ಎಲ್ಲಿದ್ಯೋ ಅಲ್ಲಿಗೇ ಹೋಗ್ಬೇಕು. ಹೊರಡಿ" ಎಂದಳು.

ಹೊರಟೆ. ಏಳು ಗಂಟೆಯ ದಾರಿ. ಕಾರಿಗೆ ನಾನೇನೂ ಹೇಳಬೇಕಾಗಲಿಲ್ಲ, ಅದಕ್ಕೆ ಗೊತ್ತಿತ್ತು. ನಡುವೆ ನ್ಯೂಯಾರ್ಕ್ ರಾಜ್ಯದಲ್ಲಿ ಗ್ಯಾಸ್ ಹಾಕಲು ಸ್ವತಃ ಇಳಿದೆ. ಅರ್ಧ ಕಾರಿಗೆ ಬಿತ್ತು, ಅರ್ಧ ನನ್ನ ಪ್ಯಾಂಟಿಗೆ ಬಿತ್ತು. ಮಿಕ್ಕ ದಾರಿಯನ್ನು ಕಿಟಕಿ ತೆರೆದುಕೊಂಡು ಕ್ರಮಿಸಿದೆವು.

ಇಪ್ಪತ್ತೆಂಟನೇ ಸಲ ನಯಾಗರ! ಬದರಿ ಹಲ್ಲು ಕಿರಿಯುತ್ತ ಬ್ಯಾಗು ಒಪ್ಪಿಸಿದ. ಎದೆಗಪ್ಪಿಕೊಂಡೆ. "ನಡಿ ಗೌರಿ, ಈಗಲೇ ಕೆನಡಾ ಗಡಿ ದಾಟೋಣ!"

"ಇರಿ. ಬದರೀನೂ ಅವರಕ್ಕನೂ ಫಾಲ್ಸ್ ಬುಡಕ್ಕೆ ಹೋಗೋ ಬೋಟು ಹತ್ತೋಕೆ ಹೊರಟಿದಾರೆ. ನಾನೂ ಹೋಗ್ಬರ್ತೀನಿ."

"ನಿನಗ್ಯಾಕೇ ಬೋಟು? ಇಪ್ಪತ್ತೇಳು ಸಲ ನೋಡಿದೀಯಲ್ಲ!"

ಗೌರಿ ನನ್ನನ್ನು ಒಮ್ಮೆ ನೋಡಿದಳು. "ನಾನಾ? ಯಾವಾಗ?" ಎಂದು ಕೇಳಿ, ನೀಲಿ ಪ್ಲಾಸ್ಟಿಕ್ ಕೋಟಿನೊಳಗೆ ಹ್ಯಾಂಡ್‌ಬ್ಯಾಗ್ ಸಮೇತ ತೂರಿಕೊಂಡು ಹೋಗಿಯೇಬಿಟ್ಟಳು.

ನೀರೆಂದರೆ ಹೆದರುವ ಶಿವರಾಮ್ ಅವರೂ ನಾನೂ ಬೆಂಚಿನ ಮೇಲೆ ಉಳಿದೆವು. ಎಲ್ಲ ಸರಿಯಾಗಿದೆಯೇ ನೋಡೋಣವೆಂದು ಬ್ಯಾಗಿನ ಜಿಪ್ ಎಳೆದೆ. ಒಂದು ಪಂಚೆ. ಹಿಡಿ ಅಕ್ಕಿ. ಅರಿಶಿನದ ಕೊನೆ. ಒಂದು ರೂಪಾಯಿ. ಬುಡಮೇಲು ಮಾಡಿ ಕೊಡವಿದೆ. ನಾಲ್ಕು ಅಕ್ಕಿಕಾಳು ಉದುರಿದವು. ಪಾಸ್‌ಪೋರ್ಟ್ ಇಲ್ಲ!

"ಶಿವರಾಮ್ ಅವ್ರೇ, ಬ್ಯಾಗು ತೆಗೆದಿದ್ರಾ?"

"ಏನ್ ಸ್ವಾಮಿ ಹೀಗಂತೀರಾ! ಮೂವತ್ತು ವರ್ಷದಲ್ಲಿ ಪ್ಯಾಸೆಂಜರ್ ಗಂಟು ಬಿಚ್ಚಿದವನಲ್ಲ ನಾನು!" ಎಂದು ಅವರು ಬೆಂಚಿನ ಆ ತುದಿಗೆ ಸರಿದು ಕೂತರು.

ಆಮೇಲಿನ ಅರ್ಧ ಗಂಟೆಯಲ್ಲಿ ನಾನು ಅನುಭವಿಸಿದ್ದು ಶತ್ರುವಿಗೂ ಬೇಡ. ನಯಾಗರದಲ್ಲಿ ಸುರಿಯುತ್ತಿದ್ದುದಕ್ಕಿಂತ ಹೆಚ್ಚು ನೀರು ನನ್ನ ಹಣೆಯಿಂದ ಸುರಿಯಿತು. ಆ ಪುಣ್ಯಾತ್ಮಳ ಒಂದು ಕೆರೆಯನ್ನು ನಾನೇ ಕೈಯಾರೆ ಕಳೆದೆನಲ್ಲಾ! ಅಷ್ಟರಲ್ಲಿ ಗೌರಿ ಬಂದಳು. ತಲೆಯಿಂದ ಕಾಲಿನವರೆಗೆ ತೊಯ್ದು, ಇಪ್ಪತ್ತೈದರ ಹುಡುಗಿಯ ಹಾಗೆ ನಗುತ್ತಿದ್ದಳು.

"ಇಷ್ಟು ಚೆನ್ನಾಗಿದೆ ಅಂತ ಯಾಕ್ರೀ ಹೇಳ್ಲಿಲ್ಲ ಇಷ್ಟು ದಿನ?"

"ಗೌರಿ, ಪಾಸ್‌ಪೋರ್ಟ್..."

ಅವಳು ಹ್ಯಾಂಡ್‌ಬ್ಯಾಗ್ ತೆರೆದು, ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹನಿಯೂ ತಾಗದಂತೆ ಬೆಚ್ಚಗೆ ಕೂತಿದ್ದ ಎರಡು ಪಾಸ್‌ಪೋರ್ಟುಗಳನ್ನು ತೋರಿಸಿದಳು. "ಸೋಮವಾರ ನೀವು ಸ್ನಾನಕ್ಕೆ ಹೋದಾಗ ತೆಗೆದಿಟ್ಕೊಂಡೆ. ಪಾಸ್‌ಪೋರ್ಟ್ ತಗೊಂಡು ಹೋಗಿ ಯಾರಾದ್ರೂ ಗರಾಜಲ್ಲಿ ಇಡ್ತಾರಾ?"

"ಮತ್ತೆ ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ? ನೇರವಾಗಿ ಉತ್ತರಕ್ಕೆ ಹೋಗಬಹುದಿತ್ತಲ್ಲೇ!"

"ಗಂಟು ಬಿಟ್ಟು ಹೋಗೋ ಹಾಗಿಲ್ಲ. ನಿಮ್ಮಜ್ಜಿ ಶಾಸ್ತ್ರ. ಅಲ್ಲದೆ ಇವತ್ತು ಬುಧವಾರ, ಬಂದಿದ್ದು ವಾಯವ್ಯಕ್ಕೆ, ಶೂಲ ಇಲ್ಲ. ನಾಳೆ ಗುರುವಾರ, ಇಲ್ಲಿಂದ ಉತ್ತರಕ್ಕೆ. ಶನಿವಾರಕ್ಕೆ ಆರಾಮಾಗಿ ಸೇರ್ತೀವಿ, ನಿಧಿ ಹತ್ರ ಲೆಕ್ಕ ಹಾಕಿಸಿದೀನಿ." ಸೆರಗು ಹಿಂಡುತ್ತ ಮೆಲ್ಲಗೆ ಸೇರಿಸಿದಳು: "ಇಪ್ಪತ್ತೇಳು ಸಲ ನೀವು ನೆಂಟ್ರನ್ನ ಬೋಟಿಗೆ ಹತ್ತಿಸ್ಕೊಂಡು ಹೋದ್ರಿ. ಇದೇ ಬೆಂಚಲ್ಲಿ ಎಲ್ಲರ ಚಪ್ಪಲಿ, ಬ್ಯಾಗು ಕಾದ್ಕೊಂಡು ಕೂತಿದ್ದು ಯಾರು ಅನ್ಕೊಂಡ್ರಿ?"

ಮೂವತ್ತು ವರ್ಷ ಪ್ರಾಜೆಕ್ಟ್ ನಡೆಸಿದವನು ನಾನು. ಯಾವ ಕಾಲಮ್ಮಿನಲ್ಲೂ ಇದಿರಲಿಲ್ಲ.

"ಸ್ಪ್ರೆಡ್‌ಶೀಟ್ ಆದ್ರೂ ಇದ್ಯಾ?" ಎಂದೆ ಕೊನೆಗೆ, ಬಡಪಾಯಿಯಂತೆ.

"ಇಲ್ದೆ ಏನು? ಅದ್ರಲ್ಲೇ ಕೊಡುಬಳೆ ಸುತ್ತಿರೋದು. ಎಣ್ಣೆ ಚೆನ್ನಾಗಿ ಹೀರ್ಕೊಳತ್ತೆ."

ಮುಂದೆ ರಸ್ತೆಯ ಕೊನೆಯನ್ನೂ ಮುಟ್ಟಿದೆವು. ಕೆರೆಯ ಮುಂದೆ ಇಬ್ಬರೇ ಸುಮ್ಮನೆ ಕೂತದ್ದೂ ಆಯಿತು. ಅದು ನಮ್ಮಿಬ್ಬರದು; ನಿಮಗೆ ಹೇಳುವುದಿಲ್ಲ. ಹೇಳಬೇಕಾದದ್ದು ಗುರುವಾರ ಬೆಳಿಗ್ಗೆ ಗಡಿಯಲ್ಲಿ ನಡೆದದ್ದು.

ಗೌರಿ ಸ್ಟಿಯರಿಂಗ್ ಹಿಡಿದಿದ್ದಳು. ಗಡಿಯ ಅಧಿಕಾರಿ ಹುಡುಗಿ ಎಲ್ಲಿಗೆ, ಯಾಕೆ, ಎಷ್ಟು ದಿನ ಎಂದೆಲ್ಲ ಕೇಳಿದಳು. ಗೌರಿ ಪಟಪಟನೆ ಉತ್ತರ ಕೊಟ್ಟಳು. ಆಮೇಲೆ ಆ ಹುಡುಗಿ ಬಗ್ಗಿ, ಕೆಂಪು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನನ್ನು ನೋಡಿ, "ಆಂಡ್ ದ ಜೆಂಟಲ್‌ಮನ್?" ಎಂದಳು.

ಈ ಉತ್ತರ ದಿಗ್ವಿಜಯದ ರೂವಾರಿ ನಾನೇ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೌರಿಯೇ ಹೇಳಿಬಿಟ್ಟಳು.

"ಓ, ಹಿಮ್? ಹೀ ವಾಚಸ್ ದ ಬ್ಯಾಗ್ಸ್."