ಆದ್ಯತೆ ಸಂಖ್ಯೆ ಮೂರು: ಕೆಟಲ್

ಲೋವರ್ ಟಾರ್ನ್ ಕಣಿವೆ ಹಣ್ಣು ಬೆಳೆಗಾರರ ಸಂಘ, ಟಾಸ್ಮೇನಿಯಾ
ಕಾರ್ಯಾಲಯ: ಸಂಘದ ಸಭಾಂಗಣ, ಸೇತುವೆಯಾಚೆ
(ಮುಂಬಾಗಿಲು ತೆರೆಯುವುದಿಲ್ಲ. ಹಿಂಬಾಗಿಲಿಗೆ ಬರುವುದು.)

ಸುತ್ತೋಲೆ ಸಂಖ್ಯೆ: ಹಬೆಸಂ/ಆದ್ಯತೆ/ಒರೆಸು/12
ದಿನಾಂಕ: 27ನೇ ಅಕ್ಟೋಬರ್

ವಿಷಯ: ಮುಂದಿನ ಸಾಲಿನ ವಾರ್ಷಿಕ ಯೋಜನೆ ಹಾಗೂ ಸರ್ಕಾರದ ಮುಂದಿಡುವ ಆದ್ಯತೆಗಳನ್ನು ಬರೆಯುವ, ಒರೆಸುವ ಮತ್ತು ಒರೆಸಲಾಗದಿರುವ ಕುರಿತು.

ಉಲ್ಲೇಖ:
1) ಸಂಘದ ನಿಯಮಾವಳಿ, ನಿಯಮ 14.
2) ಕೆಟಲ್ ಮಂಜೂರಾತಿ ಕುರಿತ ಸಚಿವಾಲಯದ ಪತ್ರ.
3) ಶ್ರೀಮತಿ ಗ್ವೆಂಡಾ ಪೈಬಸ್ ಅವರ ಮೌಖಿಕ ಮನವಿ (ಏರಿದ ದನಿಯಲ್ಲಿ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಂಘದ ಎಲ್ಲ ಸದಸ್ಯರ ಗಮನಕ್ಕೆ ತರುವುದೇನೆಂದರೆ:

1. ನಿಯಮ 14ರ ಪ್ರಕಾರ, ವಾರ್ಷಿಕ ಯೋಜನಾ ಸಭೆಯಲ್ಲಿ ಸದಸ್ಯರು ತಮ್ಮ ಬೇಡಿಕೆಗಳನ್ನು ಬೋರ್ಡಿನ ಮೇಲೆ ಬರೆಯತಕ್ಕದ್ದು. ಒಪ್ಪದವರು ಎದ್ದು ಬಂದು ಒರೆಸತಕ್ಕದ್ದು. ಸಭೆ ಮುಗಿದಾಗ ಅಳಿಯದೆ ಉಳಿದದ್ದೇ ಆ ಸಾಲಿನ ಆದ್ಯತೆಯೆಂದು ಭಾವಿಸತಕ್ಕದ್ದು. ಕೈ ಎತ್ತಿ ಮತ ಹಾಕುವ ಪದ್ಧತಿಯಿಂದ ಅಣ್ಣತಮ್ಮಂದಿರ ತೋಟಗಳ ನಡುವೆ ಬೇಲಿ ಎದ್ದ ಮೇಲೆ ಈ ಪದ್ಧತಿಯನ್ನು ಜಾರಿಗೆ ತರಲಾಗಿದೆ. ಒರೆಸಿದವರು ಯಾರೆಂದು ಎಲ್ಲರಿಗೂ ಕಂಡರೂ ಯಾರೂ ನೋಡಲಿಲ್ಲವೆಂದು ನಡಾವಳಿಯಲ್ಲಿ ದಾಖಲಿಸಲಾಗುತ್ತದೆ.

ಸದರಿ ನಿಯಮದಲ್ಲಿ ‘ಬೋರ್ಡ್’ ಎಂದರೆ ‘ಬಿಳಿಯಾಗಿ, ಸಮತಟ್ಟಾಗಿ, ನೆಟ್ಟಗೆ ನಿಂತು ಸಭೆಗೆ ಕಾಣುವ ಯಾವುದೇ ವಸ್ತು’. ನಿಯಮ ಬರೆದ ಕಾಲದಲ್ಲಿ ಸಂಘಕ್ಕೆ ಬೋರ್ಡ್ ಇರಲಿಲ್ಲ, ಫ್ರಿಜ್ಜಿನ ಬಾಗಿಲು ಇತ್ತು.

2. ಹನ್ನೆರಡು ವರ್ಷಗಳ ಹಿಂದಿನ ಸಭೆಯಲ್ಲಿ ಅಧ್ಯಕ್ಷರಾದ ಶ್ರೀ ಲಿಂಡ್ಸೆ ಕ್ಲೆನೆಟ್ ಅವರು ಬೋರ್ಡ್ ಪೆನ್ನು ಸಿಗದ ಕಾರಣ ತಮ್ಮ ಅಂಗಿ ಜೇಬಿನ ಪೆನ್ನನ್ನೇ ಬಳಸಿರುತ್ತಾರೆ. ಅದು ಹಣ್ಣಿನ ಪೆಟ್ಟಿಗೆಗಳ ಮೇಲೆ ತೋಟದ ಹೆಸರು ಬರೆಯುವ ಪೆನ್ನು. ಮಳೆ, ಬಿಸಿಲು, ಆರು ತಿಂಗಳ ಶೀತಲ ಕೋಣೆ ಯಾವುದಕ್ಕೂ ಜಗ್ಗದ ಶಾಯಿ ಅದರದು. ನಮ್ಮಲ್ಲಿ ಈ ಪೆನ್ನು ಜೇಬಿನಲ್ಲಿಲ್ಲದ ಬೆಳೆಗಾರ ಮದುವೆಗೂ ಹೋಗುವುದಿಲ್ಲ. ಅಂದು ಬರೆಯಲಾದ ಮೂರು ಸಾಲುಗಳು ಹೀಗಿವೆ:

ಅ) ಹಣ್ಣಿನ ನೊಣ ದ್ವೀಪಕ್ಕೆ ಬಾರದಂತೆ ಬಂದರಿನಲ್ಲಿ ತಪಾಸಣೆ.
ಆ) ಹಕ್ಕಿ ತಡೆಯುವ ಬಲೆಗೆ ಸಹಾಯಧನ.
ಇ) ಕೆಟಲ್.

ಇವುಗಳಲ್ಲಿ ಮೂರನೆಯದು ಬೇಡಿಕೆಯಲ್ಲ. ಸಭಾಂಗಣದಲ್ಲಿ ಟೀಗೆ ನೀರು ಕಾಯಿಸುವ ಕೆಟಲ್ ಸುಟ್ಟುಹೋಗಿದ್ದರಿಂದ, ಹೊಸದು ತರಲು ಮರೆಯಬಾರದೆಂದು ಟೀ ವಿರಾಮದಲ್ಲಿ ಕಾರ್ಯದರ್ಶಿಯು ಅದೇ ಪೆನ್ನಿನಲ್ಲಿ ಬರೆದುಕೊಂಡ ಟಿಪ್ಪಣಿ. ಕಾರ್ಯದರ್ಶಿಯು ತರಲು ಮರೆತಿರುತ್ತಾರೆ.

3. ಸದರಿ ಬರಹವನ್ನು ಅಳಿಸಲು ಸ್ಪಿರಿಟ್, ಸೀಮೆಎಣ್ಣೆ, ಸೇಬಿನ ವಿನೆಗರ್ ಹಾಗೂ ಅಧ್ಯಕ್ಷರು ಮನೆಯಲ್ಲೇ ಹುಳಿಬರಿಸಿದ ಸೇಬಿನ ಮದ್ಯವಾದ ಸೈಡರ್‌ಗಳನ್ನು ಕ್ರಮವಾಗಿ ಪ್ರಯೋಗಿಸಲಾಯಿತು. ಸೈಡರಿಗೆ ಬೋರ್ಡಿನ ಒಂದು ಮೂಲೆಯ ಬಣ್ಣ ಕಿತ್ತುಬಂದಿದ್ದು, ಶಾಯಿ ಹಾಗೇ ಇದೆ. ಉಳಿದ ಸೈಡರನ್ನು ಸದಸ್ಯರು ವಿಲೇವಾರಿ ಮಾಡಿರುತ್ತಾರೆ. ಅಳಿಯದೆ ಉಳಿದದ್ದೇ ಆದ್ಯತೆಯಾದ ಕಾರಣ, ಹನ್ನೆರಡು ವರ್ಷಗಳಿಂದಲೂ ಕೆಟಲ್ ಈ ಸಂಘದ ಸರ್ವಾನುಮತದ ಆದ್ಯತೆಯಾಗಿ ಸಚಿವಾಲಯಕ್ಕೆ ಸಲ್ಲಿಕೆಯಾಗುತ್ತಿದೆ.

4. ಕೆಟಲ್ ಬೇಡಿಕೆಯ ಗಾಂಭೀರ್ಯ ಕಾಪಾಡುವ ದೃಷ್ಟಿಯಿಂದ ಸಭಾಂಗಣದಲ್ಲಿ ಕೆಟಲ್ ಇರಕೂಡದೆಂದು, ನೀರನ್ನು ಪಾತ್ರೆಯಲ್ಲೇ ಕಾಯಿಸತಕ್ಕದ್ದೆಂದು ಈ ಹಿಂದೆ ಸೂಚಿಸಲಾಗಿತ್ತು. ಆದಾಗ್ಯೂ ಕೆಲವು ಸದಸ್ಯರು ಮನೆಯಿಂದ ಕೆಟಲ್ ತಂದು ಪರದೆಯ ಹಿಂದೆ ಬಳಸುತ್ತಿದ್ದುದು ಅದರ ಸೀಟಿಯಿಂದ ಪತ್ತೆಯಾಗಿದೆ. ಸರ್ಕಾರಿ ಅಧಿಕಾರಿ ಹಾಜರಿದ್ದ ಒಂದು ಸಂದರ್ಭದಲ್ಲಿ ಆ ಸೀಟಿಯನ್ನು ಮರೆಮಾಚಲು ಅಧ್ಯಕ್ಷರು ಹನ್ನೊಂದು ನಿಮಿಷ ಕೆಮ್ಮಬೇಕಾಯಿತು. ಇದು ಮರುಕಳಿಸತಕ್ಕದ್ದಲ್ಲ.

5. ಶ್ರೀಮತಿ ಗ್ವೆಂಡಾ ಪೈಬಸ್ ಅವರ ಚೆರ್ರಿ ತೋಟ ಸಭಾಂಗಣದಂತೆಯೇ ಸೇತುವೆಯ ಆಚೆಗಿದೆ. ಹಿಂದಿನ ವರ್ಷದ ಪ್ರವಾಹದ ನಂತರ ಸೇತುವೆಯ ಭಾರಮಿತಿಯನ್ನು ಇಪ್ಪತ್ತು ಟನ್ನಿನಿಂದ ಮೂರಕ್ಕೆ ಇಳಿಸಿದ್ದರಿಂದ, ಕಳೆದ ಜನವರಿಯಲ್ಲಿ ಅವರ ಹಣ್ಣು ಐವತ್ತೆರಡು ಕಿಲೋಮೀಟರ್ ಕಾಡುದಾರಿಯಲ್ಲಿ ಕುಲುಕಾಡುತ್ತ ಹೋಗಿ, ಅರ್ಧಕ್ಕರ್ಧ ಜಜ್ಜಿಹೋಗಿ ಕಡಿಮೆ ಬೆಲೆಗೆ ರಸ ತೆಗೆಯುವವರ ಪಾಲಾಯಿತು. ಈ ಬಾರಿಯೂ ಹಾಗಾದರೆ ಮರಗಳನ್ನು ಬುಡಸಮೇತ ಕೀಳಿಸಿ ಕುರಿ ಬಿಡುವುದಾಗಿ ಅವರು ತಿಳಿಸಿರುತ್ತಾರೆ. ಕೊಯ್ಲಿಗೆ ಇನ್ನು ಒಂಬತ್ತು ವಾರವಿದೆ. ಅವರು ಕುರಿ ಸಾಕಬೇಕಾದವರಲ್ಲ. ಈ ಕಣಿವೆಯಲ್ಲಿ ಅವರಷ್ಟು ಒಳ್ಳೆಯ ಚೆರ್ರಿ ಬೆಳೆದವರಿಲ್ಲ. ಈ ವಾಕ್ಯ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲವಾದರೂ ಉಳಿಸಿಕೊಳ್ಳಲಾಗಿದೆ.

6. ಆಗಸ್ಟ್ ತಿಂಗಳ ಯೋಜನಾ ಸಭೆಯಲ್ಲಿ ಶ್ರೀಮತಿ ಪೈಬಸ್ ಅವರು ಬೋರ್ಡಿನ ದೊಡ್ಡಕ್ಷರದ ಮೂರು ಸಾಲುಗಳ ಕೆಳಗೆ ಉಳಿದಿದ್ದ ನಾಲ್ಕು ಬೆರಳಗಲದ ಜಾಗದಲ್ಲಿ ಸಾಮಾನ್ಯ ಬೋರ್ಡ್ ಪೆನ್ನಿನಲ್ಲಿ ‘ಸೇತುವೆ’ ಎಂದು ಬರೆದಿದ್ದರು. ಯಾರೂ ಒರೆಸಲಿಲ್ಲ. ಆದರೆ ಕೇಕಿಗಾಗಿ ಸಾಲು ನಿಂತಾಗ ಅಧ್ಯಕ್ಷರು ಬೋರ್ಡಿಗೆ ಒರಗಿದ್ದರಿಂದ ಬರಹವು ಅವರ ಉಣ್ಣೆಯ ಸ್ವೆಟರಿಗೆ ವರ್ಗಾವಣೆಗೊಂಡಿತು. ಆಗ ಶ್ರೀಮತಿ ಪೈಬಸ್ ಆಡಿದ ಮಾತನ್ನು ಸೌಮ್ಯಗೊಳಿಸಿ ದಾಖಲಿಸಲು ಅಧ್ಯಕ್ಷರು ಸೂಚಿಸಿದರೂ, ಸೌಮ್ಯಗೊಳಿಸಿದ ಮೇಲೆ ಏನೂ ಉಳಿಯದ ಕಾರಣ ಯಥಾವತ್ತಾಗಿ ಕೊಡಲಾಗಿದೆ: “ಲಿಂಡ್ಸೆ, ನನ್ನ ಸೇತುವೆ ನಿನ್ನ ಬೆನ್ನ ಮೇಲಿದೆ. ತಿರುಗಬೇಡ, ಹಂಗೇ ಮಂತ್ರಿ ಹತ್ರ ನಡಿ. ಇಷ್ಟು ವರ್ಷದಲ್ಲಿ ನಿನ್ನ ಬೆನ್ನು ಮಾಡೋ ಮೊದಲನೇ ಕೆಲಸ ಅದು.”

ಅಧ್ಯಕ್ಷರ ಸ್ವೆಟರು ನೆಟ್ಟಗಿದ್ದರೂ ಬಿಳಿಯಲ್ಲವೆಂಬ ಕಾರಣಕ್ಕೆ ಬೇಡಿಕೆಯನ್ನು ತಿರಸ್ಕರಿಸಲಾಯಿತು.

7. ಮೇಲಿನ ಘಟನೆಯ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಸೂಚಿಸಲಾಗಿದೆ:

ಅ) ಉಣ್ಣೆ ಬಟ್ಟೆ ಧರಿಸಿದವರು ಬೋರ್ಡಿನಿಂದ ಎರಡು ಮಾರು ದೂರದಲ್ಲಿ ನಿಲ್ಲತಕ್ಕದ್ದು. ಒರಗಲೇಬೇಕಾದವರು ಪರಸ್ಪರ ಒರಗಬಹುದು.
ಆ) ಬೋರ್ಡಿನ ದಿಕ್ಕಿಗೆ ಸೀನುವವರು ಮುಂಚಿತವಾಗಿ ತಿಳಿಸತಕ್ಕದ್ದು. ಸೀನಿನಿಂದ ಅಳಿದ ಬೇಡಿಕೆಯನ್ನು ಭಿನ್ನಮತವೆಂದು ಪರಿಗಣಿಸಲಾಗುವುದು.
ಇ) ಪೆಟ್ಟಿಗೆ ಪೆನ್ನುಗಳನ್ನು ಹಿಂಬಾಗಿಲಿನ ಬಳಿಯ ಬಕೆಟ್ಟಿನಲ್ಲಿ ಒಪ್ಪಿಸಿ ಒಳಬರತಕ್ಕದ್ದು. ಕಿವಿಯ ಮೇಲಿಟ್ಟುಕೊಂಡಿರುವುದು ಮರೆತುಹೋಗಿತ್ತೆಂಬ ಸಬೂಬನ್ನು ಒಬ್ಬರಿಗೆ ವರ್ಷಕ್ಕೊಮ್ಮೆ ಮಾತ್ರ ಮಾನ್ಯ ಮಾಡಲಾಗುವುದು.

8. ಈ ನಡುವೆ ಉಲ್ಲೇಖ (2)ರ ಪತ್ರ ಬಂದಿದ್ದು, ಅದರಲ್ಲಿ ಹಣ್ಣಿನ ನೊಣ ಪರಿಶೀಲನೆಯಲ್ಲಿದೆ, ಬಲೆ ಪರಿಶೀಲನೆಯಲ್ಲಿದೆ, ಕೆಟಲ್ ಮಂಜೂರಾಗಿದೆ ಎಂದು ತಿಳಿಸಲಾಗಿತ್ತು. ಅದರಂತೆ ಇದೇ ತಿಂಗಳ 14ರಂದು ಹಸ್ತಾಂತರ ಸಮಾರಂಭವನ್ನು ಸಂಘದ ವಿಶೇಷ ಸಭೆಯೆಂದು ಘೋಷಿಸಲಾಯಿತು. ಪದ್ಧತಿಯಂತೆ ಪ್ರತಿ ಮನೆಯಿಂದ ಒಂದೊಂದು ತಟ್ಟೆ ತಿಂಡಿ ಬಂದಿತ್ತು. ಸಚಿವಾಲಯದಿಂದ ಕೆಟಲ್, ಫಲಕ, ವೇದಿಕೆ, ಶಾಮಿಯಾನ ಹಾಗೂ ಧ್ವನಿವರ್ಧಕ ಹೊತ್ತ ದೊಡ್ಡ ಬಿಳಿ ಲಾರಿಯೊಂದು ಬಂದು ಸೇತುವೆಯ ರಾಜಧಾನಿ ಕಡೆಯ ತುದಿಯಲ್ಲಿ ನಿಂತಿತು. ಅದರ ತೂಕ ಎಂಟು ಟನ್.

9. ಲಾರಿ ದಾಟಲಾಗದ ಕಾರಣ ಸಭೆಯೇ ತಟ್ಟೆಗಳ ಸಮೇತ ಸೇತುವೆ ದಾಟಿ ಲಾರಿಯ ಮುಂದೆ ಸೇರಿತು. ಬಂದಿದ್ದ ಅಧಿಕಾರಿಯು, ಇಷ್ಟು ಮುಖ್ಯವಾದ ಸೇತುವೆಯ ಬಗ್ಗೆ ಸಂಘವು ಎಂದೂ ಬರೆದುಕೊಟ್ಟಿಲ್ಲವೇಕೆಂದು ಕೇಳಿದರು. ಅಧ್ಯಕ್ಷರು ಕೆಮ್ಮಿದರು. ತರುವಾಯ ಶ್ರೀಮತಿ ಪೈಬಸ್ ಅವರು ಪೆಟ್ಟಿಗೆ ಪೆನ್ನಿನಿಂದ ಲಾರಿಯ ಮಗ್ಗುಲಿನ ಉದ್ದಕ್ಕೂ, ಆಳೆತ್ತರದ ಅಕ್ಷರಗಳಲ್ಲಿ ‘ಸೇತುವೆ’ ಎಂದು ಬರೆದರು. ಒಪ್ಪದವರು ಬಂದು ಒರೆಸಬಹುದೆಂದು ಅಧ್ಯಕ್ಷರು ಮೂರು ಬಾರಿ ಕರೆದರು. ಲಾರಿಯ ಚಾಲಕ ಮಾತ್ರ ಮುಂದೆ ಬಂದು ತೋಳಿನಿಂದ ಉಜ್ಜಿ ನೋಡಿ, ಹಿಂದಕ್ಕೆ ಹೋದ. ಕೆಟಲನ್ನು ಕೈಯಲ್ಲೇ ಹೊತ್ತು ಸೇತುವೆ ದಾಟಿಸಲಾಯಿತು.

10. ಲಾರಿಯು ಬಿಳಿಯಾಗಿ, ಸಮತಟ್ಟಾಗಿ, ನೆಟ್ಟಗೆ ನಿಂತು ಸಭೆಗೆ ಕಂಡಿದ್ದರಿಂದಲೂ, ಸಭೆ ಮುಗಿದಾಗ ಬರಹ ಅಳಿಯದೆ ಉಳಿದಿದ್ದರಿಂದಲೂ, ಸೇತುವೆಯು ಮುಂದಿನ ಸಾಲಿನ ಮೊದಲನೇ ಆದ್ಯತೆಯೆಂದು ಈ ಮೂಲಕ ಘೋಷಿಸಲಾಗಿದೆ. ಸದರಿ ಲಾರಿಯನ್ನು ರಾಜಧಾನಿಯಲ್ಲಿ ನಾಲ್ಕು ಬಾರಿ ತೊಳೆಯಲಾಗಿದ್ದು, ಈಗಲೂ ದಿನಾ ಬೆಳಗ್ಗೆ ಮಂತ್ರಿಗಳ ಕಿಟಕಿಯ ಎದುರಿಗೇ ನಿಲ್ಲುತ್ತಿದೆಯೆಂದು ತಿಳಿದುಬಂದಿದೆ.

11. ಅಂದು ಪೆನ್ನನ್ನು ಶ್ರೀಮತಿ ಪೈಬಸ್ ಅವರ ಕೈಗಿತ್ತವರು ಯಾರೆಂಬ ವಿಚಾರಣೆಯನ್ನು ಕಾರ್ಯದರ್ಶಿಗೇ ವಹಿಸಲಾಗಿತ್ತು. ಕಾರ್ಯದರ್ಶಿಯು ತಮ್ಮ ಜೇಬನ್ನು ಕೂಲಂಕಷವಾಗಿ ಪರಿಶೀಲಿಸಿ, ಅಲ್ಲಿ ಪೆನ್ನು ಇಲ್ಲವೆಂದು ವರದಿ ಸಲ್ಲಿಸಿದ್ದಾರೆ. ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ.

12. ಕಳೆದ ಗುರುವಾರ ಇಂಜಿನಿಯರ್ ಒಬ್ಬರು ಸೇತುವೆಯ ಅಳತೆಗೆ ಬಂದಿದ್ದರು. ಕೊಯ್ಲಿಗೆ ಮುಂಚೆ ತೊಲೆಗಳನ್ನು ಬದಲಿಸಿಕೊಡುವುದಾಗಿ ಬರವಣಿಗೆಯಲ್ಲಿ ಕೊಟ್ಟಿದ್ದಾರೆ. ಬರೆಯಲು ಪೆನ್ನನ್ನು ಸಂಘದಿಂದಲೇ ಒದಗಿಸಲಾಗಿದೆ. ಶ್ರೀಮತಿ ಪೈಬಸ್ ಅವರು ಆ ಕಾಗದದ ಮೇಲೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡಿದರು, ಅಳಿಯಲಿಲ್ಲ. ಅನಂತರ ಇಂಜಿನಿಯರನ್ನು ಸಭಾಂಗಣಕ್ಕೆ ಕರೆದರು. ದಾಖಲಿಸಿದಂತೆ ಅವರ ಮಾತು: “ಕೂತ್ಕೊಳಪ್ಪ, ಟೀ ಕುಡಿದು ಹೋಗು. ಕೆಟಲ್ ನಿಮ್ಮೋರದ್ದೇ.”

ಸಹಿ/-
ಮರ್ವಿನ್ ಓಟ್ಸ್
ಗೌರವ ಕಾರ್ಯದರ್ಶಿ
(ಪೆನ್ಸಿಲಿನಲ್ಲಿ ಸಹಿ ಮಾಡಲಾಗಿದೆ)

ಪ್ರತಿಗಳು:
1. ಎಲ್ಲ ಸದಸ್ಯರಿಗೆ, ಮಾಹಿತಿಗಾಗಿ ಮತ್ತು ದೂರ ನಿಲ್ಲುವುದಕ್ಕಾಗಿ.
2. ಅಧ್ಯಕ್ಷರಿಗೆ, ಸ್ವೆಟರ್ ಸಹಿತ.
3. ಸಚಿವಾಲಯಕ್ಕೆ, ನೊಣ ಮತ್ತು ಬಲೆಯ ಪರಿಶೀಲನೆಯಲ್ಲಿರುವವರ ಗಮನಕ್ಕೆ. ಸಂಘದಲ್ಲಿ ಇನ್ನೂ ಪೆನ್ನುಗಳಿವೆ.
4. ಬಿಳಿ ಲಾರಿಗೆ: ಪ್ರತಿ ಅಗತ್ಯವಿಲ್ಲ.
5. ಶ್ರೀಮತಿ ಗ್ವೆಂಡಾ ಪೈಬಸ್ ಅವರಿಗೆ, ಪೆನ್ನನ್ನು ಅವರೇ ಇಟ್ಟುಕೊಳ್ಳಬೇಕೆಂಬ ಕೋರಿಕೆಯೊಂದಿಗೆ.